ರಾಣಿ ಚೆನ್ನಭೈರಾದೇವಿ

ರಾಣಿ ಚೆನ್ನಭೈರಾದೇವಿ (ಆಳ್ವಿಕೆ: 1552–1606) ಕರ್ನಾಟಕದ ಪಶ್ಚಿಮ ಕರಾವಳಿಯ ಗೇರುಸೊಪ್ಪೆ ಅಥವಾ ನಗಿರೆ ರಾಜ್ಯವನ್ನು ಆಳಿದ ಜೈನ ರಾಣಿ. ಸಾಳುವ ವಂಶಕ್ಕೆ ಸೇರಿದ ಈಕೆ ಸುಮಾರು 54 ವರ್ಷ ಅಧಿಕಾರದಲ್ಲಿದ್ದಳು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಕಾಳುಮೆಣಸು ಈಕೆಯ ರಾಜ್ಯದ ಬಂದರುಗಳ ಮೂಲಕವೇ ಹಡಗು ಏರುತ್ತಿದ್ದುದರಿಂದ ಪೋರ್ಚುಗೀಸರು ಈಕೆಯನ್ನು 'ರೈನಾ ದ ಪಿಮೆಂಟಾ', ಅಂದರೆ ಕಾಳುಮೆಣಸಿನ ರಾಣಿ ಎಂದು ಕರೆದರು. ವ್ಯಾಪಾರದಿಂದ ಬಂದ ಸಂಪತ್ತು ಮತ್ತು ನೆರೆಯ ದೊಡ್ಡ ಶಕ್ತಿಗಳೊಂದಿಗೆ ಮಾಡಿಕೊಂಡ ಮೈತ್ರಿಗಳ ಬಲದಿಂದ ತನ್ನ ಚಿಕ್ಕ ರಾಜ್ಯವನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉಳಿಸಿಕೊಂಡ ಈಕೆ, 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನಿಂದ ಸೋತು ಸೆರೆಯಾದಳು.

ಹಿನ್ನೆಲೆ

ಗೇರುಸೊಪ್ಪೆ ಇಂದಿನ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ, ಶರಾವತಿ ನದಿಯ ದಂಡೆಯಲ್ಲಿದೆ. ಶಾಸನ ಮತ್ತು ಸಾಹಿತ್ಯಗಳಲ್ಲಿ ಇದಕ್ಕೆ ನಗಿರೆ, ಕ್ಷೇಮಪುರ ಎಂಬ ಹೆಸರುಗಳೂ ಇವೆ. ಜೋಗದಲ್ಲಿ ಕಣಿವೆಗೆ ಧುಮುಕುವ ಶರಾವತಿ ಗೇರುಸೊಪ್ಪೆಯ ಬಳಿಗೆ ಬರುವ ಹೊತ್ತಿಗೆ ಸಮತಟ್ಟಿನಲ್ಲಿ ಹರಿಯತೊಡಗುತ್ತದೆ. ಸಮುದ್ರದಿಂದ ಇಲ್ಲಿಯವರೆಗೆ ದೋಣಿಗಳು ಬರಬಹುದಾಗಿತ್ತು. ಇಲ್ಲಿಂದ ಮೇಲಕ್ಕೆ ಎತ್ತುಗಳ ಮೇಲೆ ಹೇರು ಹೊರಿಸಿ ಘಟ್ಟ ಹತ್ತಬೇಕಿತ್ತು. ಹೀಗೆ ಜಲಮಾರ್ಗವು ಮುಗಿದು ಘಟ್ಟದ ದಾರಿಯು ಆರಂಭವಾಗುವ ಸ್ಥಳದಲ್ಲಿ ನಗರವು ಬೆಳೆಯಿತು. ಅದರ ಏಳಿಗೆಗೂ ಮುಂದಿನ ಕಲಹಗಳಿಗೂ ಈ ನೆಲೆಯೇ ಕಾರಣವಾಯಿತು.

ವಿಜಯನಗರ ಸಾಮ್ರಾಜ್ಯದ ಕಾಲದಲ್ಲಿ ಗೇರುಸೊಪ್ಪೆಯನ್ನೂ ಇಂದಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯನ್ನೂ (ಸಂಗೀತಪುರ) ಜೈನ ಧರ್ಮಾವಲಂಬಿಗಳಾದ ಸಾಳುವ ಅರಸರು ವಿಜಯನಗರದ ಸಾಮಂತರಾಗಿ ಆಳುತ್ತಿದ್ದರು. ಕರಾವಳಿಯ ಹಲವು ಮನೆತನಗಳಲ್ಲಿದ್ದಂತೆ ಇಲ್ಲಿಯೂ ಹೆಣ್ಣಿನ ಮೂಲಕ ಅಧಿಕಾರ ಬರುವ ಪದ್ಧತಿಯಿತ್ತು. ಆದ್ದರಿಂದ ರಾಣಿಯರು ಸಿಂಹಾಸನವನ್ನು ಏರುವುದು ಅಪರೂಪದ ಸಂಗತಿಯಾಗಿರಲಿಲ್ಲ. ಈ ವಂಶದಲ್ಲಿ ಚೆನ್ನಾದೇವಿ, ಭೈರಾದೇವಿ ಮುಂತಾದ ಹೆಸರುಗಳು ಮತ್ತೆ ಮತ್ತೆ ಬರುವುದರಿಂದ ಒಬ್ಬ ರಾಣಿಯ ಕಾಲದ ಘಟನೆಯನ್ನು ಇನ್ನೊಬ್ಬಳಿಗೆ ಆರೋಪಿಸಿರುವುದೂ ಉಂಟು.

ಪೋರ್ಚುಗೀಸರ ಆಗಮನ

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯ ಸಮೀಪ ಬಂದಿಳಿದ ಮೇಲೆ ಪಶ್ಚಿಮ ಕರಾವಳಿಯ ವ್ಯಾಪಾರದ ಸ್ವರೂಪವು ಬದಲಾಯಿತು. ಅದಕ್ಕೆ ಮೊದಲು ಅರಬ್ ವರ್ತಕರು ಮೆಣಸನ್ನು ಕೆಂಪು ಸಮುದ್ರ ಮತ್ತು ಪರ್ಷಿಯಾ ಕೊಲ್ಲಿಯ ಬಂದರುಗಳಿಗೆ ಒಯ್ಯುತ್ತಿದ್ದರು. ಅಲ್ಲಿಂದ ಅದು ವೆನಿಸ್ ನಗರದ ವ್ಯಾಪಾರಿಗಳ ಮೂಲಕ ಯೂರೋಪನ್ನು ಸೇರುತ್ತಿತ್ತು. ಪೋರ್ಚುಗೀಸರು ಈ ದಾರಿಯನ್ನು ಮುಚ್ಚಿ, ಮೆಣಸನ್ನು ತಾವು ಗೊತ್ತುಮಾಡಿದ ಬೆಲೆಗೆ ತಮಗೇ ಮಾರಬೇಕೆಂದು ಕರಾವಳಿಯ ಅರಸರನ್ನು ಒತ್ತಾಯಿಸಿದರು. ಸಮುದ್ರಕ್ಕಿಳಿಯುವ ಪ್ರತಿಯೊಂದು ಹಡಗೂ ತಮ್ಮಿಂದ 'ಕರ್ತಾಜ್' ಎಂಬ ರಹದಾರಿ ಪತ್ರವನ್ನು ಪಡೆಯಬೇಕೆಂದು ವಿಧಿಸಿದರು.

ಈ ಒತ್ತಾಯದ ಪೆಟ್ಟು ನಗಿರೆ ಸೀಮೆಗೆ ಬಹಳ ಬೇಗ ತಗುಲಿತು. 1505ರಲ್ಲಿ ಹೊನ್ನಾವರದ ಮೇಲೆ ಪೋರ್ಚುಗೀಸ್ ನೌಕಾಪಡೆಯ ದಾಳಿ ನಡೆಯಿತು. 1510ರಲ್ಲಿ ಗೋವಾ ಅವರ ವಶವಾಯಿತು. 1542ರಲ್ಲಿ ಗವರ್ನರ್ ಮಾರ್ಟಿಂ ಅಫೊನ್ಸೊ ಡ ಸೌಸ ಭಟ್ಕಳದ ಮೇಲೆ ಎರಗಿ ಆ ಪಟ್ಟಣವನ್ನು ಸುಟ್ಟು ಸೂರೆ ಮಾಡಿದನು. ಆಗ ಭಟ್ಕಳವನ್ನು ಆಳುತ್ತಿದ್ದವಳೂ ಒಬ್ಬ ರಾಣಿಯೇ. ವಿಜಯನಗರಕ್ಕೆ ಅರಬ್ ಕುದುರೆಗಳು ಬಂದಿಳಿಯುತ್ತಿದ್ದ ಭಟ್ಕಳವು ಈ ದಾಳಿಯಿಂದ ಬಹುವಾಗಿ ಕುಗ್ಗಿತು. 1547ರಲ್ಲಿ ವಿಜಯನಗರವು ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡದ್ದರಿಂದ ಕುದುರೆಯ ವ್ಯಾಪಾರವು ಗೋವಾದ ಕಡೆಗೆ ಹೊರಳಿತು.

ಚೆನ್ನಭೈರಾದೇವಿ 1552ರಲ್ಲಿ ಅಧಿಕಾರಕ್ಕೆ ಬಂದಾಗ ರಾಜ್ಯದ ಪರಿಸ್ಥಿತಿ ಹೀಗಿತ್ತು. ಕುದುರೆಯಿಂದ ಬರುತ್ತಿದ್ದ ಸುಂಕ ಕೈತಪ್ಪಿತ್ತು. ಸಮುದ್ರದಲ್ಲಿ ಪರಕೀಯರ ಹಡಗುಗಳು ಕಾವಲಿದ್ದವು. ಅವರಿಗೆ ತಮ್ಮ ನೆಲದಲ್ಲಿ ಬೆಳೆದುಕೊಳ್ಳಲಾಗದ ವಸ್ತುವೊಂದು ಮಾತ್ರ ಆಕೆಯ ಕೈಯಲ್ಲಿ ಉಳಿದಿತ್ತು. ಅದು ಕಾಳುಮೆಣಸು.

ಕಾಳುಮೆಣಸಿನ ವ್ಯಾಪಾರ

ಮೆಣಸಿನ ಬಳ್ಳಿ ಮರವನ್ನು ಆಸರೆಯಾಗಿ ಹಿಡಿದು ಬೆಳೆಯುವಂಥದು. ಘಟ್ಟದ ಅಡಕೆ ತೋಟಗಳಲ್ಲಿ ಅದನ್ನು ಅಡಕೆ ಮರಕ್ಕೆ ಹಬ್ಬಿಸುತ್ತಾರೆ. ಸದಾ ಹಸಿರಾಗಿರುವ ಕಾನುಗಳಲ್ಲಿ ಅದು ಕಾಡುಮರಗಳ ಮೇಲೂ ಹಬ್ಬುತ್ತದೆ. ಮಳೆಗಾಲದ ಆರಂಭದಲ್ಲಿ ಹೂಬಿಟ್ಟ ಬಳ್ಳಿಯ ಫಸಲು ಚಳಿಗಾಲದಲ್ಲಿ ಕೊಯ್ಲಿಗೆ ಬರುತ್ತದೆ. ಕೊಯ್ದ ಹಸಿಕಾಳನ್ನು ಕೆಲವು ದಿನ ಬಿಸಿಲಿನಲ್ಲಿ ಹರವಿ ಒಣಗಿಸಿದರೆ ಅದು ಕಪ್ಪಾಗಿ ಸುಕ್ಕುಗಟ್ಟುತ್ತದೆ. ಒಣಗಿದ ಮೇಲೆ ತೂಕವು ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಹೀಗೆ ಒಣಗಿಸಿದ ಮೆಣಸು ಕೆಡದೆ ಬಹುಕಾಲ ಉಳಿಯುವುದರಿಂದ ದೂರದ ಸಮುದ್ರಯಾನಕ್ಕೆ ತಕ್ಕ ಸರಕಾಗಿತ್ತು.

ಘಟ್ಟದ ಮೇಲಿನಿಂದಲೂ ಬುಡದಿಂದಲೂ ಬಂದ ಮೆಣಸು ಗೇರುಸೊಪ್ಪೆಯಲ್ಲಿ ಸಂಗ್ರಹವಾಗಿ, ಶರಾವತಿಯ ಮೇಲೆ ದೋಣಿಗಳಲ್ಲಿ ಹೊನ್ನಾವರಕ್ಕೆ ಇಳಿಯುತ್ತಿತ್ತು. ಅಘನಾಶಿನಿ ನದಿಯ ದಂಡೆಯ ಮಿರ್ಜಾನ್ ಮತ್ತು ದಕ್ಷಿಣದ ಭಟ್ಕಳ ಇತರ ಮುಖ್ಯ ಬಂದರುಗಳು. ಮೆಣಸಿನೊಂದಿಗೆ ಶುಂಠಿ, ದಾಲ್ಚಿನ್ನಿ, ಅಡಕೆ, ಗಂಧ, ಅಕ್ಕಿ ಮುಂತಾದವೂ ಇಲ್ಲಿಂದ ಹೊರದೇಶಗಳಿಗೆ ಹೋಗುತ್ತಿದ್ದವು.

ಈ ವ್ಯಾಪಾರದಲ್ಲಿ ಕಾಲದ ಲೆಕ್ಕಾಚಾರಕ್ಕೆ ವಿಶೇಷ ಮಹತ್ವವಿತ್ತು. ಲಿಸ್ಬನ್‌ನಿಂದ ಮಾರ್ಚ್–ಏಪ್ರಿಲ್‌ನಲ್ಲಿ ಹೊರಟ ಪೋರ್ಚುಗೀಸ್ ಹಡಗುಗಳು ಸೆಪ್ಟೆಂಬರ್–ಅಕ್ಟೋಬರ್ ವೇಳೆಗೆ ಗೋವಾ ತಲುಪುತ್ತಿದ್ದವು. ಮಾರುತಗಳ ಅನುಕೂಲ ತಪ್ಪುವ ಮೊದಲು, ಡಿಸೆಂಬರ್ ಅಥವಾ ಜನವರಿಯಲ್ಲಿ, ಅವು ಸರಕು ತುಂಬಿಕೊಂಡು ಹಿಂದಿರುಗಬೇಕಿತ್ತು. ಆ ಅವಧಿಯೊಳಗೆ ಮೆಣಸು ದೊರೆಯದಿದ್ದರೆ ಹಡಗುಗಳು ಹೊರೆಯಿಲ್ಲದೆ ಹೋಗಬೇಕು, ಇಲ್ಲವೆ ಒಂದು ವರ್ಷ ಕಾಯಬೇಕು. ಮಾರುವವರು ಸರಕನ್ನು ತಡೆಹಿಡಿದರೆ ಕೊಳ್ಳುವವರಿಗೆ ಸಂಕಟ. ಪೋರ್ಚುಗೀಸರಿಗಿಂತ ಹೆಚ್ಚು ಬೆಲೆ ಕೊಡಲು ಅರಬ್ ವರ್ತಕರು ಸಿದ್ಧರಿದ್ದುದರಿಂದ ಮಾರುವವರಿಗೆ ಬೇರೆ ದಾರಿಯೂ ಇತ್ತು. ಹದಿನಾರನೆಯ ಶತಮಾನದ ನಡುವೆ ಕೆಂಪು ಸಮುದ್ರದ ಮೂಲಕ ವೆನಿಸ್‌ಗೆ ಹೋಗುವ ಮೆಣಸಿನ ಪ್ರಮಾಣವು ಮತ್ತೆ ಏರಿದುದು ಪೋರ್ಚುಗೀಸರ ಏಕಸ್ವಾಮ್ಯವು ಪೂರ್ಣವಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಚೆನ್ನಭೈರಾದೇವಿಯ ರಾಜಕೀಯ ಬಲಕ್ಕೆ ಮೂಲವಾದುದು ಈ ಪರಿಸ್ಥಿತಿ. ಆಕೆಯ ಬಳಿ ಪೋರ್ಚುಗೀಸರಿಗೆ ಸರಿಸಮನಾದ ನೌಕಾಪಡೆಯಿರಲಿಲ್ಲ. ಆದರೆ ಘಟ್ಟದಿಂದ ಕಡಲಿನವರೆಗಿನ ದಾರಿ ಆಕೆಯ ಹಿಡಿತದಲ್ಲಿತ್ತು. ಪೋರ್ಚುಗೀಸರು ಬಂದರನ್ನು ಸುಡಬಲ್ಲವರಾಗಿದ್ದರು. ಘಟ್ಟ ಹತ್ತಿ ಮೆಣಸು ಕೊಯ್ದು ತರಬಲ್ಲವರಾಗಿರಲಿಲ್ಲ. ಯುದ್ಧವಾದ ಮೇಲೂ ಅವರು ಮಾತುಕತೆಗೆ ಬರಲೇಬೇಕಾಗುತ್ತಿತ್ತು.

ಪೋರ್ಚುಗೀಸರೊಂದಿಗೆ ಯುದ್ಧಗಳು

ಚೆನ್ನಭೈರಾದೇವಿ ಪೋರ್ಚುಗೀಸರ ವಿರುದ್ಧ ಮುಖ್ಯವಾಗಿ 1559 ಮತ್ತು 1570ರಲ್ಲಿ ಹೋರಾಡಿದಳೆಂದು ಹೇಳಲಾಗುತ್ತದೆ. ಈ ಎರಡು ವರ್ಷಗಳ ನಡುವೆ ಕರ್ನಾಟಕದ ರಾಜಕೀಯದಲ್ಲಿ ದೊಡ್ಡ ಪಲ್ಲಟವಾಯಿತು. 1565ರ ತಾಳೀಕೋಟೆ ಯುದ್ಧದಲ್ಲಿ ವಿಜಯನಗರದ ಸೇನೆ ಸೋತು ರಾಜಧಾನಿಯು ಹಾಳಾಯಿತು. ಕರಾವಳಿಯ ಸಾಮಂತರಿಗೆ ಬೆನ್ನಿಗಿದ್ದ ಆಸರೆ ಇದರಿಂದ ಕುಸಿಯಿತು. ಈ ಅವಕಾಶವನ್ನು ಬಳಸಿಕೊಂಡ ಪೋರ್ಚುಗೀಸರು 1568ರಲ್ಲಿ ಉಳ್ಳಾಲದ ರಾಣಿಯ ವಿರುದ್ಧ ನಡೆದ ಕಾರ್ಯಾಚರಣೆಯಲ್ಲಿ ಮಂಗಳೂರಿನಲ್ಲಿ ನೆಲೆಯೂರಿದರು. 1569ರಲ್ಲಿ ವೈಸ್‌ರಾಯ್ ಲೂಯಿಸ್ ಡ ಅಟೈಡ್ ದೊಡ್ಡ ನೌಕಾಪಡೆಯೊಂದಿಗೆ ಬಂದು ಹೊನ್ನಾವರದ ಕೋಟೆಯನ್ನು ಹಿಡಿದನು. ಬಸರೂರು ಕೂಡ ಅದೇ ಕಾಲದಲ್ಲಿ ಅವರ ಕೈಸೇರಿತು. ಶರಾವತಿಯ ಮುಖದಲ್ಲಿ ಶತ್ರುವಿನ ಕೋಟೆ ನಿಂತದ್ದರಿಂದ ಗೇರುಸೊಪ್ಪೆಯ ಮುಖ್ಯ ಬಂದರೇ ಕೈಬಿಟ್ಟಂತಾಯಿತು.

ಮರುವರ್ಷ ಬಿಜಾಪುರದ ಒಂದನೆಯ ಅಲಿ ಆದಿಲ್ ಶಾಹನು ಗೋವಾವನ್ನು ಮುತ್ತಿದನು. ಅಹಮದ್‌ನಗರದ ನಿಜಾಮ್ ಶಾಹನು ಚೌಲ್ ಬಂದರನ್ನೂ ಕಲ್ಲಿಕೋಟೆಯ ಸಾಮೂದಿರಿಯು ಚಾಲಿಯಂ ಕೋಟೆಯನ್ನೂ ಮುತ್ತಿದರು. ಹೊನ್ನಾವರವನ್ನು ಮರಳಿ ಪಡೆಯಲು ಚೆನ್ನಭೈರಾದೇವಿ ಈ ಸಮಯದಲ್ಲಿ ಬಿಜಾಪುರದ ನೆರವಿನೊಂದಿಗೆ ಮುತ್ತಿಗೆ ಹಾಕಿದಳು. ಧರ್ಮ, ಭಾಷೆ ಮತ್ತು ಗುರಿಗಳಲ್ಲಿ ಬೇರೆಬೇರೆಯಾದ ಅರಸರು ಒಂದೇ ಕಾಲದಲ್ಲಿ ಪೋರ್ಚುಗೀಸರ ಮೇಲೆ ಬಿದ್ದ ಈ ಪ್ರಯತ್ನದಲ್ಲಿ ಜೈನ ರಾಣಿಯೊಬ್ಬಳು ಪಾಲುಗೊಂಡದ್ದು ಗಮನಾರ್ಹ. ಚಾಲಿಯಂ ಕೋಟೆ ಸಾಮೂದಿರಿಯ ವಶವಾಯಿತು. ಆದರೆ ಗೋವಾ, ಚೌಲ್ ಮತ್ತು ಹೊನ್ನಾವರ ಪೋರ್ಚುಗೀಸರಲ್ಲೇ ಉಳಿದವು.

ಅನಂತರದ ದಶಕಗಳಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಯಲ್ಲಿಯೂ ಮೆಣಸಿನ ಸೀಮೆ ರಾಣಿಯ ಕೈಯಲ್ಲಿಯೂ ಇದ್ದವು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ವ್ಯಾಪಾರ ಸಾಗುವಂತಿರಲಿಲ್ಲ. ಕಾದಾಟದ ಜತೆಗೇ ಕೊಳುಕೊಡೆಯೂ ನಡೆಯುತ್ತಿದ್ದ ಈ ಸಂಬಂಧವನ್ನು ಶುದ್ಧ ಶತ್ರುತ್ವವೆಂದಾಗಲಿ ಅಧೀನತೆಯೆಂದಾಗಲಿ ಹೇಳಲಾಗದು.

ಕೋಟೆಗಳು

ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆರೆತಿರುವ ಮುಖ್ಯ ಸ್ಮಾರಕ. ಜಂಬಿಟ್ಟಿಗೆ ಕಲ್ಲಿನಿಂದ ಕಟ್ಟಿದ ಈ ಕೋಟೆಗೆ ಎತ್ತರದ ಗೋಡೆಗಳು, ದುಂಡನೆಯ ಕೊತ್ತಲಗಳು, ಸುತ್ತಲೂ ಕಂದಕ ಮತ್ತು ಒಳಗೆ ಬಾವಿಗಳಿವೆ. ಇದನ್ನು ಕಟ್ಟಿಸಿದವಳು ಚೆನ್ನಭೈರಾದೇವಿಯೆಂಬುದು ಪ್ರಚಲಿತ ಅಭಿಪ್ರಾಯ. ಬಿಜಾಪುರದ ಅಧಿಕಾರಿಯೊಬ್ಬನು ಕಟ್ಟಿಸಿದನೆಂಬ ವಾದವೂ ಇದೆ. ಭಾರತೀಯ ಪುರಾತತ್ತ್ವ ಇಲಾಖೆ ಇಲ್ಲಿ ಉತ್ಖನನ ನಡೆಸಿ ಕೋಟೆಯನ್ನು ಸಂರಕ್ಷಿಸಿದೆ. ಹೊನ್ನಾವರವು ಪೋರ್ಚುಗೀಸರ ವಶವಾದ ಮೇಲೆ ಅಘನಾಶಿನಿಯ ಜಲಮಾರ್ಗದ ಮಹತ್ವ ಹೆಚ್ಚಿದುದನ್ನು ಈ ಕೋಟೆಯ ನೆಲೆಯಿಂದ ಊಹಿಸಬಹುದು.

ಘಟ್ಟದ ಮೇಲೆ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ದಟ್ಟ ಕಾಡಿನ ನಡುವೆ ಇರುವ ಕಾನೂರು ಕೋಟೆಯನ್ನೂ ಆಕೆಯದೆಂದು ಹೇಳುತ್ತಾರೆ. ಒಂದು ಕೋಟೆ ಕಡಲಿಗೆ ಹೋಗುವ ನದಿಯನ್ನು ಕಾಯುತ್ತಿದ್ದರೆ ಇನ್ನೊಂದು ಮೆಣಸು ಇಳಿದುಬರುವ ಘಟ್ಟವನ್ನು ಕಾಯುತ್ತಿತ್ತು.

ಧರ್ಮ ಮತ್ತು ಸಾಹಿತ್ಯ

ಸಾಳುವ ಅರಸರ ಕಾಲದಲ್ಲಿ ಗೇರುಸೊಪ್ಪೆ ಮತ್ತು ಹಾಡುವಳ್ಳಿ ಜೈನ ವಿದ್ಯಾಕೇಂದ್ರಗಳಾಗಿದ್ದವು. ಜೈನ ಭಾರತವನ್ನು ಕನ್ನಡದಲ್ಲಿ ಬರೆದ ಸಾಳ್ವ ಕವಿ ಈ ಮನೆತನದ ಸಾಳ್ವಮಲ್ಲನ ಆಶ್ರಯದಲ್ಲಿದ್ದನು. ಕನ್ನಡದ ವ್ಯಾಕರಣವನ್ನು ಸಂಸ್ಕೃತದ 592 ಸೂತ್ರಗಳಲ್ಲಿ ನಿರೂಪಿಸಿದ ಭಟ್ಟಾಕಳಂಕನ 'ಕರ್ಣಾಟಕ ಶಬ್ದಾನುಶಾಸನ' 1604ರಲ್ಲಿ ಪೂರ್ಣಗೊಂಡಿತು. ಹಾಡುವಳ್ಳಿ ಮಠಕ್ಕೆ ಸೇರಿದ ಈ ವಿದ್ವಾಂಸನ ಗ್ರಂಥವು ಚೆನ್ನಭೈರಾದೇವಿಯ ಆಳ್ವಿಕೆಯ ಕೊನೆಯ ವರ್ಷಗಳದು. ರಾಜ್ಯದ ಪತನಕ್ಕೆ ಆಗ ಎರಡೇ ವರ್ಷಗಳು ಉಳಿದಿದ್ದವು.

ಗೇರುಸೊಪ್ಪೆಯ ನಗರಬಸ್ತಿಕೇರಿಯಲ್ಲಿರುವ ಚತುರ್ಮುಖ ಬಸದಿಯ ನಿರ್ಮಾಣವನ್ನೂ ಚೆನ್ನಭೈರಾದೇವಿಗೆ ಹೇಳುವುದುಂಟು. ನಾಲ್ಕು ದಿಕ್ಕಿಗೂ ಬಾಗಿಲುಗಳಿರುವ ಈ ಬಸದಿಯ ಗರ್ಭಗೃಹದಲ್ಲಿ ನಾಲ್ಕು ಕಡೆಗೆ ಮುಖ ಮಾಡಿ ಕುಳಿತ ತೀರ್ಥಂಕರರ ಮೂರ್ತಿಗಳಿವೆ. ಕಾರ್ಕಳದ ಪ್ರಸಿದ್ಧ ಚತುರ್ಮುಖ ಬಸದಿ (1586) ಇದೇ ಮಾದರಿಯದು. ಸಮೀಪದಲ್ಲಿ ಜ್ವಾಲಾಮಾಲಿನಿ ದೇವಾಲಯವೂ ಇತರ ಬಸದಿಗಳ ಅವಶೇಷಗಳೂ ಇವೆ.

ಚೆನ್ನಭೈರಾದೇವಿ ಜೈನಳಾಗಿದ್ದರೂ ಶೈವ ಮತ್ತು ವೈಷ್ಣವ ದೇವಾಲಯಗಳಿಗೂ ಆಶ್ರಯ ನೀಡಿದಳೆಂಬ ಪ್ರತೀತಿಯಿದೆ. 1560ರಲ್ಲಿ ಗೋವಾದಲ್ಲಿ ಧಾರ್ಮಿಕ ವಿಚಾರಣಾ ನ್ಯಾಯಾಲಯವು ಸ್ಥಾಪನೆಯಾದ ಅನಂತರ ಅಲ್ಲಿಂದ ದಕ್ಷಿಣಕ್ಕೆ ವಲಸೆ ಬಂದ ಕೊಂಕಣಿ ಭಾಷಿಕರಲ್ಲಿ ಅನೇಕರು ಈ ರಾಜ್ಯದ ಊರುಗಳಲ್ಲಿ ನೆಲೆಸಿದರು. ಅವರಲ್ಲಿ ವ್ಯಾಪಾರದ ಅನುಭವವುಳ್ಳವರು ಇದ್ದುದರಿಂದ ಈ ಆಶ್ರಯವು ಬಂದರುಗಳ ವಹಿವಾಟಿಗೂ ನೆರವಾಯಿತು.

ಪತನ

ಚೆನ್ನಭೈರಾದೇವಿಯ ರಾಜ್ಯಕ್ಕೆ ಕೊನೆಯ ಪೆಟ್ಟು ಬಂದದ್ದು ಕಡಲಿನ ಕಡೆಯಿಂದಲ್ಲ, ಘಟ್ಟದ ಮೇಲಿನಿಂದ. ವಿಜಯನಗರ ಕುಗ್ಗಿದ ಮೇಲೆ ಮಲೆನಾಡಿನಲ್ಲಿ ಕೆಳದಿಯ ನಾಯಕರು ಪ್ರಬಲರಾದರು. ಇಕ್ಕೇರಿಯನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ವೆಂಕಟಪ್ಪ ನಾಯಕನಿಗೆ ತನ್ನ ನಾಡಿನ ಬೆಳೆಯನ್ನು ಮಾರಲು ಸ್ವಂತ ಬಂದರುಗಳು ಬೇಕಾಗಿದ್ದವು. ಘಟ್ಟದ ಕೆಳಗಿನ ದಾರಿ ಮತ್ತು ಸುಂಕ ಗೇರುಸೊಪ್ಪೆಯ ಕೈಯಲ್ಲಿ ಇರುವವರೆಗೆ ಅದು ಸಾಧ್ಯವಿರಲಿಲ್ಲ. ರಾಣಿ ಬಿಜಾಪುರದ ಮೈತ್ರಿಯಿಂದ ಈ ಒತ್ತಡವನ್ನು ಬಹುಕಾಲ ತಡೆದಳು. ಕೊನೆಗೆ 1606ರಲ್ಲಿ ವೆಂಕಟಪ್ಪ ನಾಯಕನು ಬಿಳಗಿಯ ಅರಸರ ನೆರವಿನಿಂದ ಗೇರುಸೊಪ್ಪೆಯನ್ನು ಗೆದ್ದನು. ಚೆನ್ನಭೈರಾದೇವಿಯನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ಒಯ್ಯಲಾಯಿತು. ಆಕೆ ಸೆರೆಯಲ್ಲೇ ತೀರಿಕೊಂಡಳು. ಯುದ್ಧದಲ್ಲಿಯೇ ಮಡಿದಳೆಂಬ ಹೇಳಿಕೆಯೂ ಪ್ರಚಾರದಲ್ಲಿದೆ.

ಮೆಣಸು ಬೆಳೆಯುವ ಘಟ್ಟ ಮತ್ತು ಅದು ಇಳಿಯುವ ದಾರಿ ಎರಡೂ ಈಗ ಕೆಳದಿಯ ಅಧೀನವಾದವು. ಇದರಿಂದ ಪೋರ್ಚುಗೀಸರಿಗೆ ಲಾಭವಾಗಲಿಲ್ಲ. ಚಿಕ್ಕ ರಾಜ್ಯದ ರಾಣಿಯ ಬದಲು ಅವರು ಇನ್ನು ಮುಂದೆ ದೊಡ್ಡ ರಾಜ್ಯದ ನಾಯಕನೊಂದಿಗೆ ಬೆಲೆಯನ್ನು ಕುರಿತು ವ್ಯವಹರಿಸಬೇಕಾಯಿತು. 1654ರಲ್ಲಿ ಕೆಳದಿಯ ಶಿವಪ್ಪ ನಾಯಕನು ಹೊನ್ನಾವರದ ಕೋಟೆಯಿಂದಲೂ ಅವರನ್ನು ಹೊರದೂಡಿದನು.

ಗೇರುಸೊಪ್ಪೆ ನಗರವು ಮತ್ತೆ ತಲೆಯೆತ್ತಲಿಲ್ಲ. ಒಂದು ಕಾಲಕ್ಕೆ ಇಲ್ಲಿ ಲಕ್ಷ ಮನೆಗಳೂ 84 ದೇವಾಲಯಗಳೂ ಇದ್ದವೆಂಬ ಸ್ಥಳೀಯ ಐತಿಹ್ಯವು ಅತಿಶಯೋಕ್ತಿಯಾದರೂ ನಗರದ ಹಿಂದಿನ ವೈಭವದ ನೆನಪನ್ನು ಉಳಿಸಿಕೊಂಡಿದೆ.

ಇತಿಹಾಸ ಬರವಣಿಗೆಯಲ್ಲಿ ಚಿತ್ರಣ

ಚೆನ್ನಭೈರಾದೇವಿಯ ಪತನವನ್ನು ಕುರಿತ ಹಳೆಯ ಕಥನವೊಂದು ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲ ವಾಲೆಯದು. 1623ರಲ್ಲಿ ಈತನು ಗೋವಾದಿಂದ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜತೆಯಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ರಾಣಿಯ ಸೋಲಿನ ಬಳಿಕ 17 ವರ್ಷಗಳಷ್ಟೇ ಕಳೆದಿದ್ದವು. ಆ ಹೊತ್ತಿಗಾಗಲೇ ಅರಮನೆ ಮತ್ತು ನಗರಗಳು ಪಾಳುಬಿದ್ದು ಅಲ್ಲಿ ಗಿಡಮರಗಳು ಬೆಳೆದಿದ್ದುದನ್ನು ಆತನು ವರ್ಣಿಸಿದ್ದಾನೆ. ರಾಣಿ ಪರಸ್ಥಳದ ಸಾಮಾನ್ಯನೊಬ್ಬನನ್ನು ಪ್ರೀತಿಸಿ ಅವನ ಕೈಗೆ ಅಧಿಕಾರ ಕೊಟ್ಟಳು, ಅವನು ಅದನ್ನು ತನ್ನದಾಗಿ ಮಾಡಿಕೊಳ್ಳಲೆತ್ನಿಸಿದ್ದರಿಂದ ರಾಜ್ಯವು ಕಳೆದುಹೋಯಿತು ಎಂಬ ಅರ್ಥದ ಕಥೆಯನ್ನೂ ದಾಖಲಿಸಿದ್ದಾನೆ.

ಈ ಕಥೆಯನ್ನು ಓದುವಾಗ ಅದು ಎಲ್ಲಿಂದ ಬಂದಿತೆಂಬುದನ್ನು ಗಮನಿಸಬೇಕಾಗುತ್ತದೆ. ಡೆಲ್ಲ ವಾಲೆ ರಾಣಿಯನ್ನು ಕಂಡವನಲ್ಲ. ಆತನ ಜತೆಗಿದ್ದವರು ಆಕೆಯೊಂದಿಗೆ ದಶಕಗಳ ಕಾಲ ಕಾದಾಡಿದ ಪೋರ್ಚುಗೀಸರು. ಆತನು ಹೋಗುತ್ತಿದ್ದುದು ಆಕೆಯನ್ನು ಗೆದ್ದವನ ಆಸ್ಥಾನಕ್ಕೆ. ಐವತ್ತಕ್ಕೂ ಹೆಚ್ಚು ವರ್ಷ ರಾಜ್ಯವಾಳಿ, 1606ರ ವೇಳೆಗೆ ವೃದ್ಧಾಪ್ಯದಲ್ಲಿದ್ದ ರಾಣಿಯ ಸೋಲಿಗೆ ಪ್ರೇಮಪ್ರಸಂಗವನ್ನು ಕಾರಣವಾಗಿ ಹೇಳುವುದಕ್ಕಿಂತ ಘಟ್ಟದ ದಾರಿ ಮತ್ತು ಬಂದರುಗಳಿಗಾಗಿ ಕೆಳದಿಗಿದ್ದ ಅಗತ್ಯವು ಹೆಚ್ಚು ಸಮರ್ಪಕವಾದ ವಿವರಣೆಯಾಗಿದೆ. ಆಕೆಯ ಸ್ವಂತ ಆಸ್ಥಾನದ ದೃಷ್ಟಿಯಿಂದ ಬರೆದ ಚರಿತ್ರೆ ಉಳಿಯದಿರುವುದರಿಂದ, ಆಕೆಯಿಂದ ಸರಕು ಕೊಂಡವರ, ಆಕೆಯೊಡನೆ ಯುದ್ಧ ಮಾಡಿದವರ ಮತ್ತು ಆಕೆಯನ್ನು ಗೆದ್ದವರ ಬರಹಗಳೇ ಬಹುಮಟ್ಟಿಗೆ ಆಕರಗಳಾಗಿವೆ. ಕಾಳುಮೆಣಸಿನ ರಾಣಿ ಎಂಬ ಹೆಸರು ಕೂಡ ಆಕೆಯ ಎದುರಾಳಿಗಳು ಇಟ್ಟದ್ದೇ.

ಸ್ಮರಣೆ

ಬಹುಕಾಲ ಸ್ಥಳೀಯ ಐತಿಹ್ಯಗಳಲ್ಲಿ ಮತ್ತು ಸಂಶೋಧಕರ ಬರಹಗಳಲ್ಲಿ ಮಾತ್ರ ಉಳಿದಿದ್ದ ಚೆನ್ನಭೈರಾದೇವಿಯ ಹೆಸರು ಇಪ್ಪತ್ತೊಂದನೆಯ ಶತಮಾನದಲ್ಲಿ ವ್ಯಾಪಕ ಪ್ರಚಾರ ಪಡೆಯಿತು. ಲೇಖಕ ಗಜಾನನ ಶರ್ಮ ಅವರು ಆಕೆಯ ಜೀವನವನ್ನು ಆಧರಿಸಿ 'ಚೆನ್ನಭೈರಾದೇವಿ' ಎಂಬ ಕಾದಂಬರಿಯನ್ನು ಬರೆದಿದ್ದಾರೆ. ಭಾರತೀಯ ಅಂಚೆ ಇಲಾಖೆ 2025ರಲ್ಲಿ ಆಕೆಯ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು. ಮಿರ್ಜಾನ್ ಕೋಟೆ ಇಂದು ಉತ್ತರ ಕನ್ನಡದ ಪ್ರಮುಖ ಪ್ರವಾಸಿ ತಾಣವಾಗಿದೆ. ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ಶರಾವತಿಯನ್ನು ದಾಟಿ ಕಾಡಿನ ದಾರಿಯಲ್ಲಿ ಸಾಗಿ ತಲುಪಬಹುದು. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಅಡಕೆ ತೋಟಗಳಲ್ಲಿ ಕಾಳುಮೆಣಸು ಇಂದಿಗೂ ಮುಖ್ಯ ವಾಣಿಜ್ಯ ಬೆಳೆಯಾಗಿದೆ.